ಸೈ-ಫೈ ಕವಚಕ್ಕೆ ಕೆಲಸಕ್ಕೂ ಬರುವ ಬೆನ್ನುಚೀಲ: ಬಳ್ಳಾರಿಯಲ್ಲಿ ನಾನು ಮಾಡಿದ ಬಗೆ

ಸಿನಿಮಾದ ಪಾತ್ರದಂತೆ ತೊಡುವ ಸೈ-ಫೈ (ವಿಜ್ಞಾನ ಕಥೆಯ) ಕವಚದ ವೇಷದಲ್ಲಿ ಎದೆ, ತೋಳು, ಹೆಲ್ಮೆಟ್ಟು ಎಲ್ಲ ಮುಗಿದ ಮೇಲೆ ಉಳಿಯುವುದು ಬೆನ್ನ ಮೇಲಿನ ಪೆಟ್ಟಿಗೆ. ಬಹಳ ಮಂದಿ ಥರ್ಮಾಕೋಲಿನಲ್ಲಿ ಒಂದು ಡಬ್ಬಿ ಕೊರೆದು ಬೆನ್ನ ಕವಚಕ್ಕೇ ಅಂಟಿಸಿಬಿಡುತ್ತಾರೆ. ಫೋಟೋಗೆ ಅದು ಸಾಕು. ಆದರೆ ಅದರೊಳಗೆ ನೀರು, ಮೊಬೈಲು, ಫ್ಯಾನಿನ ಬ್ಯಾಟರಿ ಇಡಲು ಹೋದರೆ ಒಂದು ಕಿಲೋ ತೂಕಕ್ಕೇ ಇಡೀ ಫೋಮ್ ಕವಚ ಹಿಂದಕ್ಕೆ ಜಗ್ಗಿ, ಎದೆಯ ಭಾಗ ಮೇಲೇರಿ ಗಂಟಲಿಗೆ ಒತ್ತುತ್ತದೆ. ಹಾಗಾಗಿ ನನ್ನ ಕೆಲಸ ನಿಂತಿರುವುದು ಒಂದೇ ನಿಯಮದ ಮೇಲೆ: ತೂಕ ಹೊರುವುದು ಮೈಗೆ ಕಟ್ಟಿದ ಚೌಕಟ್ಟು, ಚಂದ ಕಾಣುವುದು ಹೊರಗಿನ ಫೋಮು. ಫೋಮಿನ ಮೇಲೆ ತೂಕ ಬೀಳಬಾರದು, ಚೌಕಟ್ಟು ಹೊರಗೆ ಕಾಣಬಾರದು.

ಶುರು ಮಾಡುವ ಮುಂಚೆ ನಿಜವಾದ ಗಗನಯಾನಿಗಳ ಬೆನ್ನುಚೀಲವನ್ನು ಒಮ್ಮೆ ಗಮನಿಸಿ. 1969ರಲ್ಲಿ ಚಂದ್ರನ ಮೇಲೆ ಇಳಿದವರ ಬೆನ್ನಿಗಿದ್ದ ಪೆಟ್ಟಿಗೆಯಲ್ಲಿ ಆಮ್ಲಜನಕ, ತಂಪು ಮಾಡುವ ನೀರು, ಫ್ಯಾನು, ಬ್ಯಾಟರಿ, ರೇಡಿಯೋ ಇದ್ದವು. ಅವುಗಳ ಗುಂಡಿಗಳು ಮಾತ್ರ ಎದೆಯ ಮೇಲಿನ ಸಣ್ಣ ಡಬ್ಬಿಯಲ್ಲಿದ್ದವು, ಏಕೆಂದರೆ ಉಡುಪು ತೊಟ್ಟವನ ಕೈ ಬೆನ್ನಿಗೆ ಹೋಗುವುದಿಲ್ಲ. ನಮ್ಮ ವೇಷಕ್ಕೂ ಇದೇ ಕಟ್ಟುಪಾಡು. ಸಾಮಾನು ಬೆನ್ನಲ್ಲಿ, ಸ್ವಿಚ್ಚು ಎದೆಯಲ್ಲಿ. ಪರದೆಯ ಮೇಲೆ ಕಾಣುವ ಕಾಲ್ಪನಿಕ ಉಡುಪುಗಳಲ್ಲಿ ಹಲವು ಈ ವ್ಯವಸ್ಥೆಯನ್ನೇ ಅನುಸರಿಸುವುದರಿಂದ ಎದೆಗೆ ಹೋಗುವ ಕೊಳವೆ ಹಾಕಿದರೆ ನಿಖರತೆಯೂ ಕೆಡುವುದಿಲ್ಲ.

ಅಳತೆಗೆ ಬರೋಣ. ನೋಡಿದವರಿಗೆ "ಇದು ಅದೇ" ಅನ್ನಿಸುವುದು ಅನುಪಾತ ಕೂಡಿಬಂದಾಗ. ಪರದೆಯ ನಟ ಆರಡಿ, ನೀವು ಐದೂವರೆ ಅಡಿ ಇದ್ದರೆ ಅವನ ಪೆಟ್ಟಿಗೆಯ ಅಳತೆ ನಿಮ್ಮ ಬೆನ್ನಿಗೆ ಹೊರೆಯಂತೆ ಕಾಣುತ್ತದೆ. ದೂರದಿಂದ, ನೇರ ಹಿಂದಿನಿಂದ ತೆಗೆದ ಚಿತ್ರ ಆರಿಸಿಕೊಳ್ಳಿ. ಹತ್ತಿರದಿಂದ ವೈಡ್ ಲೆನ್ಸಿನಲ್ಲಿ ತೆಗೆದದ್ದರಲ್ಲಿ ಕ್ಯಾಮೆರಾಗೆ ಸಮೀಪವಿರುವ ಪೆಟ್ಟಿಗೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಚಿತ್ರದಲ್ಲಿ ಪೆಟ್ಟಿಗೆಯ ಅಗಲವನ್ನು ಭುಜದ ಕವಚದ ಅಗಲದಿಂದ ಭಾಗಿಸಿ. ನನ್ನ ವಿನ್ಯಾಸದಲ್ಲಿ ಅದು 0.72; ನನ್ನ ಭುಜದ ಕವಚ 47 ಸೆಂ.ಮೀ., ಆದ್ದರಿಂದ ಪೆಟ್ಟಿಗೆ 34 ಸೆಂ.ಮೀ. ಎತ್ತರ 44, ದಪ್ಪ 16 ಬಂತು. ದಪ್ಪವನ್ನು ಪಕ್ಕದಿಂದ ತೆಗೆದ ಚಿತ್ರದಿಂದಲೇ ಅಳೆಯಬೇಕು.

ಈ ಅಳತೆಗೆ ಮೊದಲು ಫ್ರಿಜ್ಜಿನ ರಟ್ಟಿನ ಡಬ್ಬಿಯಲ್ಲಿ ಒಂದು ಮಾದರಿ ಮಾಡಿ, ಪೂರ್ತಿ ಕವಚ, ಹೆಲ್ಮೆಟ್ಟು ತೊಟ್ಟು ಬೆನ್ನಿಗೆ ಕಟ್ಟಿಸಿಕೊಳ್ಳಿ. ತಲೆ ಮೇಲೆತ್ತಿದಾಗ ಹೆಲ್ಮೆಟ್ಟಿನ ಹಿಂಬದಿ ಪೆಟ್ಟಿಗೆಯ ಮೇಲಂಚಿಗೆ ಬಡಿಯುತ್ತದೆಯೇ ಎಂಬುದೇ ಮುಖ್ಯ ಪರೀಕ್ಷೆ. ನಡುವೆ 4 ಸೆಂ.ಮೀ. ಸಂದು ಬೇಕು. ಬಡಿದರೆ ಪೆಟ್ಟಿಗೆ ಚಿಕ್ಕದು ಮಾಡಬೇಡಿ, ಇಡಿಯಾಗಿ ಎರಡು ಮೂರು ಸೆಂ.ಮೀ. ಕೆಳಗಿಳಿಸಿ. ಅಷ್ಟು ಇಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಗಲ-ಎತ್ತರದ ಅನುಪಾತ ಕೆಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಚೌಕಟ್ಟಿಗೆ 19 ಎಂಎಂ ಅಲ್ಯೂಮಿನಿಯಂ ಚೌಕ ಪೈಪು, 1.2 ಎಂಎಂ ದಪ್ಪದ್ದು. ಕಿಟಕಿ-ಪಾರ್ಟಿಷನ್ ಕೆಲಸ ಮಾಡುವ ಅಂಗಡಿಗಳಲ್ಲಿ ತುಂಡುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. 42 ಸೆಂ.ಮೀ.ನ ಎರಡು ನಿಲುವು, 26 ಸೆಂ.ಮೀ.ನ ಮೂರು ಅಡ್ಡಪಟ್ಟಿ. ಮೂಲೆಗಳಿಗೆ ಎಲ್ ಆಕಾರದ ತಗಡು, ಪ್ರತಿ ತೋಳಿಗೆ ಎರಡು ಪಾಪ್ ರಿವಿಟ್. ಎಲ್ಲ ಸೇರಿ ಅರ್ಧ ಕಿಲೋಗಿಂತ ಕಡಿಮೆ. ಪ್ಲಂಬಿಂಗ್ ಪಿವಿಸಿ ಪೈಪು ಅಗ್ಗ, ಜೋಡಿಸುವುದೂ ಸುಲಭ. ಆದರೆ ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿಗೆ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಅದು ಮೆತ್ತಗಾಗಿ, ಹೊರೆಯಿದ್ದ ಕಡೆಗೆ ಬಾಗಿ, ತಣಿದ ಮೇಲೆ ಹಾಗೇ ನಿಲ್ಲುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮಾಡುವವರು ಅಲ್ಯೂಮಿನಿಯಮ್ಮನ್ನೇ ಹಿಡಿಯಿರಿ.

ಪಟ್ಟಿಗಳ ವಿಷಯದಲ್ಲಿ ಬಳ್ಳಾರಿಯವರಿಗೆ ಬೇರೆ ಊರವರಿಗಿಲ್ಲದ ಅನುಕೂಲವಿದೆ, ಜೀನ್ಸ್ ಹೊಲಿಗೆ. ಭುಜದ ಪಟ್ಟಿ ಚೌಕಟ್ಟನ್ನು ಸುತ್ತಿ ಮಡಚಿ ಬರುವ ಜಾಗಕ್ಕೇ ಎಲ್ಲ ಎಳೆತ ಬೀಳುತ್ತದೆ. ಮನೆಯ ಮಷಿನ್ನು ಎರಡು ಪದರ ನೈಲಾನ್ ಪಟ್ಟಿಯ ಮೇಲೆ ಹೊಲಿಗೆ ಬಿಡುತ್ತದೆ, ಸೂಜಿ ಮುರಿಯುತ್ತದೆ. ಜೀನ್ಸ್ ಘಟಕಗಳಲ್ಲಿ ಪ್ಯಾಂಟಿನ ಬೆಲ್ಟ್ ಲೂಪು ಕೂರಿಸುವ ಬಾರ್‌ಟ್ಯಾಕ್ ಮಷಿನ್ ಇರುತ್ತದೆ. ಅತ್ತಿತ್ತ ಒತ್ತಾಗಿ ಓಡುವ ಆ ಗಟ್ಟಿ ಹೊಲಿಗೆಯೇ ನಮಗೆ ಬೇಕಾದದ್ದು. ಪಟ್ಟಿಗಳನ್ನು ಅಳತೆಗೆ ಕತ್ತರಿಸಿ, ಹೊಲಿಗೆಯ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಕೊಂಡು ಹೋಗಿ, "ಅಣ್ಣ, ಬೆಲ್ಟ್ ಲೂಪಿಗೆ ಹಾಕ್ತೀರಲ್ಲ, ಅದೇ ಬಾರ್‌ಟ್ಯಾಕ್ ಇಲ್ಲಿ ಒಂದು ಬೆರಳು ಬಿಟ್ಟು ಎರಡು ಸಾಲು ಹಾಕಿಕೊಡ್ರಿ" ಅಂದರೆ ನಿಂತ ನಿಲುವಿನಲ್ಲೇ ಆಗುತ್ತದೆ. ಗುರುತಿಲ್ಲದೆ ಹೋದರೆ ಪಟ್ಟಿಯ ತುದಿಗೇ ಹೊಲಿದುಕೊಡುತ್ತಾರೆ, ಅದು ಎಳೆಬಿಟ್ಟುಕೊಂಡು ಬರುತ್ತದೆ. ತುದಿಯಿಂದ ಕನಿಷ್ಠ 2 ಸೆಂ.ಮೀ. ಒಳಗೆ ಹೊಲಿಗೆ ಬೀಳಬೇಕು. ರಾಯಚೂರು, ಕೊಪ್ಪಳದಲ್ಲಿ ಸೀಟ್ ಕವರ್ ಹೊಲಿಯುವವರ ಹತ್ತಿರ ಹೋಗಿ. ಬಾರ್‌ಟ್ಯಾಕ್ ಇಲ್ಲದಿದ್ದರೆ ಚೌಕದೊಳಗೆ ಗುಣಾಕಾರದ ಗುರುತಿನಂತೆ ಹೊಲಿಸಿ, 18 ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ. ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ.

ಭುಜಕ್ಕೆ 50 ಎಂಎಂ, ಸೊಂಟಕ್ಕೆ 38 ಎಂಎಂ ಪಟ್ಟಿ. ಸೊಂಟದ ಪಟ್ಟಿ ಬಿಡಲೇಬೇಡಿ. ತೂಕದ ದೊಡ್ಡ ಪಾಲು ಸೊಂಟದೆಲುಬಿನ ಮೇಲೆ ಕೂತಾಗ ಮಾತ್ರ ಸಂಜೆಯವರೆಗೆ ನಿಲ್ಲಬಹುದು. ಮೊದಲು ಸೊಂಟದ್ದು ಬಿಗಿ, ಆಮೇಲೆ ಭುಜದ್ದು ತಾಗುವಷ್ಟು. ಪೈಪಿನ ಮೂಲೆಗಳು ಪಟ್ಟಿಯನ್ನು ಕೊಯ್ಯುತ್ತವೆ, ಆದ್ದರಿಂದ ಪಟ್ಟಿ ಸುತ್ತುವ ಜಾಗವನ್ನು ಅರದಿಂದ ಉಜ್ಜಿ, ಮೇಲೆ ಸೈಕಲ್ ಟ್ಯೂಬಿನ ತುಂಡು ಸುತ್ತಿ. ಬೆನ್ನಿಗೆ ತಾಗುವ ಕಡೆ ಬ್ಯಾಗ್ ರಿಪೇರಿಯವರ ಹತ್ತಿರ ಸಿಗುವ ದಪ್ಪ ಜಾಲರಿ ಬಟ್ಟೆ ಹಾಕಿ. ಊರಲ್ಲಿ ಡೆನಿಮ್ ತುಂಡು ಎಷ್ಟು ಬೇಕಾದರೂ ಸಿಗುತ್ತದೆ, ಆದರೆ ಅದು ಬೆವರು ಕುಡಿದು ಭಾರವಾಗುತ್ತದೆ.

ಈಗ ಜೋಡಣೆ, ಇಡೀ ಕೆಲಸದ ಮರ್ಮ ಇರುವುದು ಇಲ್ಲಿ. ಚೌಕಟ್ಟು ಕವಚದ ಒಳಗೆ, ಬನಿಯನ್ನಿನ ಮೇಲೆ. ಪೆಟ್ಟಿಗೆ ಕವಚದ ಹೊರಗೆ. ಇವೆರಡನ್ನು ಕೂಡಿಸುವುದು 6 ಎಂಎಂನ ನಾಲ್ಕು ಬೋಲ್ಟು, 65 ಎಂಎಂ ಉದ್ದದವು. ತಲೆ ಹೊರಗಡೆ, ತಲೆಯ ಕೆಳಗೆ 12 ಎಂಎಂ ಹೊರವ್ಯಾಸದ ವಾಷರ್, ಆಮೇಲೆ 5 ಎಂಎಂ ಖಾಲಿ ಜಾಗ, ಆಮೇಲೆ 30 ಎಂಎಂ ಉದ್ದದ ಕೊಳವೆ, ಕೊನೆಗೆ ಚೌಕಟ್ಟಿನ ಪೈಪು, ಹಿಂದೆ ನೈಲಾಕ್ ನಟ್ಟು (ತಾನಾಗಿ ಸಡಿಲವಾಗದಂಥದ್ದು). ಆ 5 ಎಂಎಂ ಜಾಗ ನಿಲ್ಲಬೇಕಾದರೆ ಅಲ್ಲಿ ಬೋಲ್ಟಿಗೆ ಇನ್ನೊಂದು ಸಣ್ಣ ಬುಷ್ ತೊಡಿಸಬೇಕು. ಅದರ ಹೊರವ್ಯಾಸ 8 ಎಂಎಂ. ಬೆನ್ನ ಕವಚದಲ್ಲಿ 14 ಎಂಎಂ ತೂತು ಮಾಡಿದರೆ ವಾಷರ್ ಸಮೇತ ಬೋಲ್ಟಿನ ತಲೆ ಹೊರಗೆ ಬರುತ್ತದೆ, ಕವಚ ಕೊಳವೆಯ ಸುತ್ತ ಸಡಿಲವಾಗಿ ಕೂರುತ್ತದೆ. ಹೀಗೆ ಸಡಿಲವಿರುವುದರಿಂದಲೇ ಪೆಟ್ಟಿಗೆಯ ಭಾರ ಕವಚಕ್ಕೆ ಗೊತ್ತಾಗುವುದಿಲ್ಲ.

ಪೆಟ್ಟಿಗೆಯ ಕವಚದ ಕಡೆಯ ಬದಿಗೆ 5 ಎಂಎಂ ಸನ್‌ಬೋರ್ಡ್, ಫ್ಲೆಕ್ಸ್ ಬ್ಯಾನರ್ ಅಂಗಡಿಗಳಲ್ಲಿ ಸಿಗುವಂಥದ್ದು. ಅದರ ಮೇಲೆ ಉದ್ದಕ್ಕೆ 25×3 ಎಂಎಂನ ಎರಡು ಅಲ್ಯೂಮಿನಿಯಂ ಪಟ್ಟಿ. ಪ್ರತಿ ಪಟ್ಟಿಯಲ್ಲಿ ಎರಡು ಕೀಲಿಕಂಡಿ: ಕೆಳಗೆ 14 ಎಂಎಂ ದುಂಡು ತೂತು, ಅದರಿಂದ ಮೇಲಕ್ಕೆ 8.5 ಎಂಎಂ ಅಗಲದ, 25 ಎಂಎಂ ಉದ್ದದ ಸೀಳು. ಕಂಡಿಯ ಹಿಂದೆ ಸನ್‌ಬೋರ್ಡನ್ನು ಅಗಲವಾಗಿ ಕೊರೆದು ತೆಗೆಯಬೇಕು, ಇಲ್ಲದಿದ್ದರೆ ಬೋಲ್ಟಿನ ತಲೆ ಸಿಕ್ಕಿಕೊಳ್ಳುತ್ತದೆ. ಜೊತೆಗಾರ ಪೆಟ್ಟಿಗೆಯನ್ನು ಬೋಲ್ಟುಗಳಿಗೆ ತೊಡಿಸಿ ಕೆಳಕ್ಕೆ ಒತ್ತಿದರೆ ಕೂತಿತು. ಕುಣಿದರೆ ಮೇಲೆ ಹಾರದಂತೆ ಕೆಳಗೊಂದು ಸಣ್ಣ ಪಟ್ಟಿ, ಕ್ಲಿಪ್ಪು. ನಾಲ್ಕೂ ಬೋಲ್ಟುಗಳ ನಡುವಿನ ಅಂತರ ಎರಡೂ ಕಡೆ ಒಂದೇ ಇರಲು, ರಟ್ಟಿನಲ್ಲಿ ಒಮ್ಮೆ ಗುರುತು ಮಾಡಿ ಅದನ್ನೇ ಚೌಕಟ್ಟಿಗೂ ಪಟ್ಟಿಗೂ ಇಟ್ಟು ತೂತು ಹೊಡೆಯಿರಿ.

ಹೊರಗೋಡೆಗೆ 10 ಎಂಎಂ ಈವಿಎ ಫೋಮು, ಮೇಲಿನ ವಿವರಗಳಿಗೆ 5 ಎಂಎಂ. ಮಕ್ಕಳ ಆಟದ ಮ್ಯಾಟು ಆಗುತ್ತದೆ, ಹಿಂದಿನ ಗೀರುಗಳನ್ನು ಒಳಗೆ ಹಾಕಿ. ಮೂಲೆಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಬೇಕು. ಫೋಮು ಮೆತ್ತಗಿದ್ದರೂ ಬ್ಲೇಡಿನ ಮೊನೆ ಬೇಗ ಹೋಗುತ್ತದೆ. ಕತ್ತರಿಸಿದ ಅಂಚು ಹರಿದಂತೆ ಕಂಡರೆ ಬ್ಲೇಡು ಮುರಿದು ಹೊಸ ಮೊನೆ ತೆಗೆಯಿರಿ. ತಗಡಿನ ಜೋಡಣೆಯಂಥ ಗೆರೆಗಳಿಗೆ 2 ಎಂಎಂ ಆಳ ಗೀರಿ ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಹಾಯಿಸಿದರೆ ಗೀರು ತಾನೇ ಬಾಯಿ ಬಿಡುತ್ತದೆ.

ಅಂಟು ಎಸ್‌ಆರ್ ಗಮ್, ಎರಡೂ ಕಡೆ ಬಳಿದು ಆರಿದ ಮೇಲೆ ಕೂಡಿಸುವ ರಬ್ಬರ್ ಅಂಟು. ಡಬ್ಬಿಯ ಮೇಲೆ ಬರೆದ ಕಾಯುವ ಹೊತ್ತು ನಮ್ಮ ಬೇಸಿಗೆಗೆ ಹೊಂದುವುದಿಲ್ಲ. 40 ಡಿಗ್ರಿಯ ಒಣ ಗಾಳಿಯಲ್ಲಿ ಮೇಲ್ಪದರ ಕೆಲವೇ ನಿಮಿಷದಲ್ಲಿ ಕೆನೆಗಟ್ಟುತ್ತದೆ, ದಪ್ಪ ಬಳಿದಿದ್ದರೆ ಕೆಳಗೆ ಹಸಿಯಾಗಿಯೇ ಇರುತ್ತದೆ. ಹಾಗೇ ಜೋಡಿಸಿದ ಮೂಲೆ ಆಗ ಗಟ್ಟಿ ಅನ್ನಿಸಿ ಮರುದಿನ ಬಿಡುತ್ತದೆ. ಆದ್ದರಿಂದ ರಟ್ಟಿನ ತುಂಡಿನಿಂದ ಎರಡೂ ಅಂಚಿಗೆ ತೆಳ್ಳಗೆ ಎಳೆಯಿರಿ. ಮೊದಲ ಪದರವನ್ನು ಫೋಮು ಕುಡಿದ ಮೇಲೆ ಇನ್ನೊಂದು ತೆಳು ಪದರ. ಬೆರಳ ಹಿಂಬದಿ ತಾಗಿಸಿದರೆ ಜಿಗುಟು ಅನ್ನಿಸಬೇಕು, ಎಳೆ ಬರಬಾರದು. ಆಗ ಕೂಡಿಸಿ ಬಲವಾಗಿ ಒತ್ತಿ. ಒಮ್ಮೆ ತಾಗಿದ್ದನ್ನು ಸರಿಸಲು ಬರುವುದಿಲ್ಲವಾದ್ದರಿಂದ ಉದ್ದ ಅಂಚುಗಳನ್ನು ಒಂದು ತುದಿಯಿಂದ ಬೆರಳಗಲದಂತೆ ಕೂಡಿಸುತ್ತ ಹೋಗಬೇಕು. ಈ ಗಮ್ಮಿನ ಆವಿ ಹೊತ್ತಿಕೊಳ್ಳುವಂಥದ್ದು. ಅದು ಒಣಗುವವರೆಗೆ ಹೀಟ್ ಗನ್ ಹತ್ತಿರ ತರಬೇಡಿ, ಮಾಳಿಗೆ ಮೇಲೋ ಪಡಸಾಲೆಯಲ್ಲೋ ಕೂತು ಹಚ್ಚಿ. ಧೂಳಿನ ಮಾಸ್ಕು ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಪಕ್ಕದ ಎರಡು ಸಿಲಿಂಡರುಗಳಿಗೆ 110 ಎಂಎಂ ಪಿವಿಸಿ ಪೈಪು ಹಾಕಿದರೆ ಭಾರ. ಸನ್‌ಬೋರ್ಡಿನ ಬಳೆಗಳ ಮೇಲೆ 5 ಎಂಎಂ ಫೋಮು ಸುತ್ತಿದರೆ ಸಾಕು. ಅವುಗಳ ಗುಮ್ಮಟದ ತಲೆಗೆ ನಾನು ಸ್ಟೀಲ್ ಬಟ್ಟಲು ಕವುಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹುಣಸೆ ಬೀಜದ ಅಂಟಿನಲ್ಲಿ ಪೇಪರ್ ತುಣುಕುಗಳನ್ನು ಆರೇಳು ಪದರ ಮೆತ್ತುತ್ತೇನೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಕೆಲಸದಲ್ಲಿ ಬಳಸುವ ಅಂಟು ಇದು. ಒಣಗಿದ ಮೇಲೆ ಹಗುರ, ಗಟ್ಟಿ, ಮರಳು ಕಾಗದಕ್ಕೆ ಚೆನ್ನಾಗಿ ಒಗ್ಗುತ್ತದೆ. ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಬೆರೆಸಿ, ಕೈಗೆ ಗ್ಲೌಸು ಹಾಕಿಕೊಳ್ಳಿ.

ಒಳಗೆ ನೀರು ಕೆಳಗೆ, ಕರೆಂಟು ಮೇಲೆ. ಒಂದೂವರೆ ಲೀಟರಿನ ನೀರಿನ ಚೀಲ ಬೆನ್ನಿಗೆ ಒತ್ತಿಕೊಂಡಂತೆ, ಅಲ್ಯೂಮಿನಿಯಂ ಪಟ್ಟಿಗೆ ರಿವಿಟ್ ಮಾಡಿದ ಎಲ್ ಕ್ಲಾಂಪಿನ ಮೇಲೆ. ಸೋರಿದರೂ ಕೆಳಗಿನ ತೂತಿನಿಂದ ಹೊರಗೆ ಹೋಗುತ್ತದೆ. ನೀರು ಸೇರಿ ಒಟ್ಟು ತೂಕ ನಾಲ್ಕೂವರೆ ಕಿಲೋ ದಾಟಬಾರದು.

ಹೆಲ್ಮೆಟ್ಟಿಗೆ ಗಾಳಿ ಕಳಿಸಲು ಕಂಪ್ಯೂಟರಿನ ಚಪ್ಪಟೆ ಫ್ಯಾನು ಬೇಡ. ಉದ್ದ ಕೊಳವೆಯಲ್ಲಿ ಅದರ ಗಾಳಿ ಮುಂದಕ್ಕೆ ಹೋಗುವುದೇ ಇಲ್ಲ. ಬಸವನಹುಳದ ಆಕಾರದ 5 ವೋಲ್ಟಿನ ಬ್ಲೋವರ್ ತನ್ನಿ, ಅದಕ್ಕೆ ನೂಕುವ ಬಲವಿದೆ. ಹೊರಗೆ ಸುಡುವ ಗಾಳಿಯೇ ಇದ್ದರೂ ನಮ್ಮ ಒಣ ಹವೆಯಲ್ಲಿ ಅದು ಮುಖದ ಬೆವರು ಆರಿಸುತ್ತದೆ, ಗಾಜಿನ ಮೇಲೆ ಮಂಜು ಕಟ್ಟಲು ಬಿಡುವುದಿಲ್ಲ.

ಎರಡು ಬ್ಲೋವರ್, ಅರ್ಧ ಮೀಟರ್ 5 ವೋಲ್ಟಿನ ಎಲ್‌ಇಡಿ ಪಟ್ಟಿ ಸೇರಿ ಹೆಚ್ಚುಕಡಿಮೆ 0.9 ಆಂಪಿಯರ್. 10,000 ಎಂಎಎಚ್ ಪವರ್ ಬ್ಯಾಂಕಿನಿಂದ 5 ವೋಲ್ಟಿನಲ್ಲಿ ಕೈಗೆ ಸಿಗುವುದು ಸುಮಾರು 6,000, ಅಂದರೆ ಆರು ತಾಸಿನ ಮೇಲೆ. ಫ್ಯಾನು ಆರಿಸಿ ಸಣ್ಣ ದೀಪವೊಂದನ್ನೇ ಉರಿಸಿದಾಗ ಅನೇಕ ಪವರ್ ಬ್ಯಾಂಕುಗಳು ಏನೂ ಜೋಡಿಸಿಲ್ಲವೆಂದು ತಿಳಿದು ತಾವೇ ಆರಿಹೋಗುತ್ತವೆ. 47 ಓಮ್, 2 ವ್ಯಾಟಿನ ರೆಸಿಸ್ಟರ್ ಒಂದನ್ನು ಪವರ್ ಬ್ಯಾಂಕಿನಿಂದ ಬರುವ ಪ್ಲಸ್, ಮೈನಸ್ ತಂತಿಗಳ ನಡುವೆ ಅಡ್ಡಕ್ಕೆ ಹಾಕಿದರೆ ಸದಾ 100 ಮಿಲಿಆಂಪಿಯರ್ ಎಳೆಯುತ್ತಿರುತ್ತದೆ. ಅದು ಬಿಸಿಯಾಗುವುದರಿಂದ ಫೋಮಿಗೆ ತಾಗದಂತೆ ಲೋಹದ ಪಟ್ಟಿಗೆ ಕಟ್ಟಿ. ಎಲ್‌ಇಡಿ ಪಟ್ಟಿಯನ್ನೂ ಅಲ್ಯೂಮಿನಿಯಮ್ಮಿಗೇ ಅಂಟಿಸಿ. ಮೀಟರಿಗೆ 60 ದೀಪದ ಪಟ್ಟಿಯಲ್ಲಿ ದೀಪದಿಂದ ದೀಪಕ್ಕೆ 17 ಎಂಎಂ ಅಂತರ. ಹಾಲುಬಿಳುಪಿನ ಅಕ್ರಿಲಿಕ್ಕನ್ನು ಅದಕ್ಕಿಂತ ದೂರ, 20 ಎಂಎಂನಲ್ಲಿ ಇಟ್ಟರೆ ಚುಕ್ಕಿಗಳು ಕೂಡಿ ಒಂದೇ ಬೆಳಕಾಗುತ್ತದೆ.

ಬಣ್ಣಕ್ಕೆ ಮುಂಚೆ ಫೋಮಿಗೆ ಹೀಟ್ ಗನ್ ಹಾಯಿಸಿ ರಂಧ್ರ ಮುಚ್ಚಿ, ನೀರು ಬೆರೆಸಿದ ಫೆವಿಕಾಲ್ ನಾಲ್ಕು ಪದರ. ಸ್ಪ್ರೇ ಬಣ್ಣವನ್ನು ಬೆಳಿಗ್ಗೆ ಎಂಟರೊಳಗೆ ಹೊಡೆಯಿರಿ. ಮಧ್ಯಾಹ್ನ ಹೊಡೆದರೆ ಹನಿ ಗಾಳಿಯಲ್ಲೇ ಒಣಗಿ ಮೈ ತರಿತರಿಯಾಗುತ್ತದೆ. ಬಳಸಿದ ಕಳೆ ತರಲು ಅಂಚುಗಳಿಗೆ ಒಣ ಬ್ರಷ್ಷಿನಲ್ಲಿ ಬೆಳ್ಳಿ ಬಣ್ಣ, ಸಂದುಗಳಿಗೆ ತೆಳು ಕಪ್ಪು. ಅದರ ಮೇಲೆ ಸಂಡೂರು ಕಡೆಯ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಕೆಳಭಾಗಕ್ಕೂ ಕೊಳವೆಗಳ ಬುಡಕ್ಕೂ ಬ್ರಷ್ಷಿನಿಂದ ಒತ್ತಿ ಮ್ಯಾಟ್ ಕ್ಲಿಯರ್ ಹೊಡೆದರೆ ಮಂಗಳ ಗ್ರಹದ ಧೂಳು ಕೂತಂತೆಯೇ ಇರುತ್ತದೆ. ಅಂಗಡಿಯ ಪಿಗ್ಮೆಂಟಿಗಿಂತ ನನಗೆ ಇದೇ ಹಿಡಿಸಿದ್ದು. ಮಣ್ಣು ಕೂರುವ ಜಾಗ ಯೋಚಿಸಿ ಹಾಕಿ. ಗಾಳಿ ಬೀಸಿದರೆ, ಮಂಡಿಯೂರಿದರೆ ಎಲ್ಲಿ ಸೇರುತ್ತದೋ ಅಲ್ಲಿಗಷ್ಟೇ.

ಬೆಂಗಳೂರಿನ ಕಾಮಿಕ್ ಕಾನ್‌ಗೆ (ಇಂಥ ವೇಷ ತೊಟ್ಟವರು ಸೇರುವ ಮೇಳ) ಒಯ್ಯುವವರು ಪೆಟ್ಟಿಗೆಯನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಕಾವಿಗೆ ಅಂಟು ಬಿಡುತ್ತದೆ. ಹಂಪಿ ಎಕ್ಸ್‌ಪ್ರೆಸ್ಸಿನ ರಾತ್ರಿ ಪ್ರಯಾಣ ಈ ದೃಷ್ಟಿಯಿಂದ ಒಳ್ಳೆಯದು. ಪವರ್ ಬ್ಯಾಂಕು, ವೈರಿಂಗು ಒಂದೇ ಬಾಗಿಲು ತೆಗೆದರೆ ಕಾಣುವಂತಿರಲಿ, ತಪಾಸಣೆಯವರಿಗೆ ತೋರಿಸಬೇಕಾಗುತ್ತದೆ. ಮನೆಗೆ ಬಂದ ಮೇಲೆ ಪವರ್ ಬ್ಯಾಂಕ್ ಹೊರಗೆ ತೆಗೆದೇ ಚಾರ್ಜಿಗೆ ಹಾಕಿ, ನೀರಿನ ಚೀಲವನ್ನು ಬಾಯಿ ತೆರೆದು ಕವುಚಿ ಒಣಗಿಸಿ. ಗೋಡೆಗೆ ಅದೇ ಅಳತೆಯಲ್ಲಿ ನಾಲ್ಕು ಬೋಲ್ಟು ಹೊಡೆದು ಪೆಟ್ಟಿಗೆಯನ್ನು ಅದಕ್ಕೇ ತೂಗುಹಾಕಿ. ನೆಲದ ಮೇಲಿಟ್ಟು ಮೇಲೇನಾದರೂ ಹೇರಿದರೆ ಫೋಮಿನಲ್ಲಿ ಬಿದ್ದ ತಗ್ಗು ಹೀಟ್ ಗನ್ ಹಾಯಿಸಿದರೂ ಪೂರ್ತಿ ಏಳುವುದಿಲ್ಲ, ಮೇಲಿನ ಬಣ್ಣವೂ ಸೀಳುತ್ತದೆ.