ಕೆಟ್ಟ ಬಾಲ್ ವಾಲ್ವ್ ಬದಲಿಸೋದು ಹೇಗೆ?
ಕಲಬುರಗಿಯ ಬೋರ್ ನೀರಿನ ಬಗ್ಗೆ ಹೇಳುವುದೇನಿದೆ, ಶಹಾಬಾದ್ ಕಲ್ಲಿನ ನೆಲ, ಸುಣ್ಣ ಜಾಸ್ತಿ. ಆ ಸುಣ್ಣ ಬಾಲ್ ವಾಲ್ವ್, ಅಂದರೆ ಹಿಡಿಕೆ ತಿರುಗಿಸಿ ಪೈಪಿನ ನೀರು ಬಂದ್ ಮಾಡುವ ವಾಲ್ವ್, ಒಳಗೆ ಕೂತು ಹಿಡಿಕೆ ಬಿಗಿಯಾಗುತ್ತದೆ. ಜೋರು ಮಾಡಿದರೆ ಹಿಡಿಕೆಯೇ ಕೈಗೆ ಬರುತ್ತದೆ, ನನಗೆ ಎರಡು ಸಲ ಬಂದಿದೆ.

ಅಂಟಿಸಿದ ವಾಲ್ವ್ ಬಿಚ್ಚಲು ಬರುವುದಿಲ್ಲ, ಪೈಪ್ ಸಮೇತ ಕತ್ತರಿಸಲೇಬೇಕು. ಮೊದಲು ಪೈಪ್ ಮೇಲಿನ ಅಕ್ಷರ ಓದಿ. ಸಿಪಿವಿಸಿ (ಬಿಸಿನೀರಿಗೂ ತಡೆಯುವ ಪ್ಲಾಸ್ಟಿಕ್) ಆದರೆ ಅದರದ್ದೇ ವಾಲ್ವ್, ಅದರದ್ದೇ ಸಲ್ಯೂಷನ್ (ಅಂಟು). ತಣ್ಣೀರಿನ ಯುಪಿವಿಸಿ ಪೈಪಿನ ಸಲ್ಯೂಷನ್ ಮನೆಯಲ್ಲಿ ಬಿದ್ದಿದೆ ಅಂತ ಸುಮ್ನೆ ಅದನ್ನೇ ಬಳಿಯಬೇಡಿ. ಕಪ್ಲರ್ (ಎರಡು ಪೈಪ್ ಸೇರಿಸುವ ತುಂಡು), ಯೂನಿಯನ್ (ತಿರುಗಿಸಿ ಬಿಚ್ಚಿ ಸೇರಿಸುವ ಜೋಡಣೆ), ಗೇಣುದ್ದ ಪೈಪ್ ಕೂಡ ತನ್ನಿ. ಗೋಡೆಗೆ ಬಿಗಿದ ಪೈಪ್ ಅಲುಗುವುದಿಲ್ಲ, ಯೂನಿಯನ್ ಇದ್ದರೆ ನಡುವೆ ಕೂರಿಸಬಹುದು.

ನೀರು ಬಂದ್ ಮಾಡಿ, ಕೆಳಗಿನ ನಲ್ಲಿ ಬಿಟ್ಟು ಪೈಪ್ ಖಾಲಿ ಮಾಡಿ. ಕೆಟ್ಟಿದ್ದು ಟ್ಯಾಂಕ್ ಬುಡದ ವಾಲ್ವೇ ಆದರೆ ಟ್ಯಾಂಕೇ ಖಾಲಿಯಾಗಬೇಕು, ಹಾಗಾಗಿ ನಳದ ನೀರು ಬರುವ ದಿನ ನೋಡಿಕೊಂಡು ಕೈ ಹಾಕಿ.

ಹ್ಯಾಕ್ಸಾದಿಂದ ನೇರವಾಗಿ ಕೊಯ್ದು, ಅಂಚು ಕೆರೆದು, ಪೂರ್ತಿ ಒರೆಸಿ. ಸಲ್ಯೂಷನ್ ಇಲ್ಲದೆ ಒಮ್ಮೆ ಜೋಡಿಸಿ ಅಳತೆ ನೋಡಿ. ಆಮೇಲೆ ವಾಲ್ವ್ ತೆರೆದೇ ಇಟ್ಟು, ಪೈಪ್ ಹೊರಗೂ ವಾಲ್ವ್ ಒಳಗೂ ತೆಳ್ಳಗೆ ಬಳಿದು, ಒತ್ತುತ್ತಾ ಕಾಲು ಸುತ್ತು ತಿರುಗಿಸಿ 30 ಸೆಕೆಂಡ್ ಬಿಗಿಯಾಗಿ ಹಿಡಿಯಿರಿ. ಮೇ ಬಿಸಿಲಲ್ಲಿ ಮಾಳಿಗೆ ಮೇಲೆ ಬಳಿಯುವಷ್ಟರಲ್ಲೇ ಒಣಗುತ್ತದೆ, ಅದಕ್ಕೇ ಬೆಳಿಗ್ಗೆ ಬೇಗ ಮುಗಿಸಿ. ಮರುದಿನ ನಿಧಾನಕ್ಕೆ ನೀರು ಬಿಡಿ.