ಹುಳು ಮನೆಯಲ್ಲಿ ದೆವ್ವದ ಸಿನಿಮಾ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ ತಾತನ ಕಾಲದ ಒಂದು ತೊಟ್ಟಿ ಮನೆ ಇದೆ. ಮನೆಮಂದಿ ಪಕ್ಕದಲ್ಲೇ ಆರ್‌ಸಿಸಿ ಮನೆ ಕಟ್ಟಿಕೊಂಡ ಮೇಲೆ ಅದು ಹುಳು ಮನೆ ಆಯಿತು. ಒಂದು ಪಕ್ಕದ ಪಡಸಾಲೆಯಲ್ಲಿ, ಅದರ ಹಿಂದಿನ ಕೋಣೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಉಳಿದದ್ದು ಖಾಲಿ. ಆ ಮನೆಯಲ್ಲಿ ನಾನು, ಇಬ್ಬರು ಗೆಳೆಯರು, ಚಿಕ್ಕಮ್ಮನ ಮಗಳು ಸೇರಿ ಹದಿನೈದು ನಿಮಿಷದ ಒಂದು ದೆವ್ವದ ಸಿನಿಮಾ ಮಾಡಿದೆವು. ಕ್ಯಾಮೆರಾ ಅಂದರೆ ಮೊಬೈಲು. ದುಡ್ಡು ಖರ್ಚಾಗಿದ್ದು ರೆಕಾರ್ಡರ್ ಬಾಡಿಗೆಗೆ ಮತ್ತೆ ಊಟಕ್ಕೆ. ಅಂಥ ಮನೆ ಇರುವವರು, ಅಂಥ ಆಸೆ ಇರುವವರು ನಮ್ಮ ಕಡೆ ಸುಮಾರು ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಶೂಟಿಂಗ್‌ಗೆ ಮುಂಚೆ ಹಳೇ ಸಿನಿಮಾಗಳನ್ನು ನೋಡಿದೆವು. ಸುಮ್ನೆ ನೋಡಲಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಒಂದು ಹಾಳೆ, ಪೆನ್ಸಿಲ್. ಸಿನಿಮಾ ಮುಗಿಯುವಷ್ಟರಲ್ಲಿ ಅದರೊಳಗಿನ ಮನೆಯ ನಕ್ಷೆ ಬರೆಯಬೇಕು. ಮೆಟ್ಟಿಲು ಎಲ್ಲಿ, ಮಲಗುವ ಕೋಣೆ ಎಲ್ಲಿ, ಯಾವ ಬಾಗಿಲು ಯಾವ ಕಡೆ ತೆರೆಯುತ್ತದೆ. ಹಳೆಯ ಒಳ್ಳೆಯ ಚಿತ್ರಗಳಲ್ಲಿ ನಾಲ್ವರ ನಕ್ಷೆಯೂ ಹೆಚ್ಚುಕಮ್ಮಿ ಒಂದೇ ಥರ ಬಂತು. ಈಚಿನ ಕೆಲವು ಚಿತ್ರಗಳಲ್ಲಿ ನಕ್ಷೆ ಬರೆಯೋಕೇ ಆಗಲಿಲ್ಲ. ಕೋಣೆ ಬಂತು, ಕಿರುಚಿದರು, ಇನ್ನೊಂದು ಕೋಣೆ ಬಂತು. ಆ ಚಿತ್ರಗಳನ್ನು ಎರಡನೇ ಸಲ ನೋಡುವ ಮನಸ್ಸೂ ಬರಲಿಲ್ಲ.

1980ರ 'ದಿ ಚೇಂಜ್‌ಲಿಂಗ್' ಚಿತ್ರದಲ್ಲಿ ಒಂದು ಸಣ್ಣ ಚೆಂಡು ಮೆಟ್ಟಿಲ ಮೇಲಿಂದ ಪುಟಿಯುತ್ತಾ ಕೆಳಗೆ ಬರುತ್ತದೆ. ನಾಯಕ ಅದನ್ನು ತೆಗೆದುಕೊಂಡು ಹೋಗಿ ಹೊಳೆಗೆ ಎಸೆದು ಬರುತ್ತಾನೆ. ಮನೆಗೆ ಬಂದರೆ ಒದ್ದೆಯಾದ ಚೆಂಡು ಅದೇ ಮೆಟ್ಟಿಲಿಂದ ಇಳಿದು ಬರುತ್ತದೆ. ಇಷ್ಟೇ. ರಕ್ತ ಇಲ್ಲ, ಮುಖ ಇಲ್ಲ. ಆದರೂ ಮೈ ಜುಂ ಅನ್ನುತ್ತದೆ. ಯಾಕೆಂದರೆ ಅಷ್ಟು ಹೊತ್ತಿಗೆ ಆ ಮೆಟ್ಟಿಲನ್ನು ನಾವೂ ಹತ್ತಿ ಇಳಿದಿರುತ್ತೇವೆ. ಮೇಲೆ ಯಾರೂ ಇಲ್ಲ ಅಂತ ನಮಗೆ ಗೊತ್ತು.

ನನ್ನ ಮಟ್ಟಿಗೆ ಹಳೇ ದೆವ್ವದ ಮನೆಗಳು ಇವತ್ತಿಗೂ ಹೆದರಿಸುವುದಕ್ಕೆ ಕಾರಣ ಇದೇ. ಮೊದಲು ನಮ್ಮನ್ನು ಆ ಮನೆಗೆ ಒಗ್ಗಿಸುತ್ತಾರೆ. ಆಮೇಲೆ ಒಂದೇ ಒಂದನ್ನು ಬದಲಾಯಿಸುತ್ತಾರೆ.

ಇದು ಬರೀ ಇಂಗ್ಲಿಷ್ ಚಿತ್ರಗಳ ಕಥೆ ಅಂದುಕೊಳ್ಳಬೇಡಿ. 2004ರ 'ಆಪ್ತಮಿತ್ರ' ನೆನಪು ಮಾಡಿಕೊಳ್ಳಿ. ಅದೇ ಕಥೆಯ ಮೂಲ, ಫಾಜಿಲ್ ಅವರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್', 1993ರದ್ದು. ಬೀಗ ಹಾಕಿದ ಒಂದು ಕೋಣೆ, ಅದನ್ನು ತೆಗೆಯಬಾರದು. ಆ ಒಂದು ಬಾಗಿಲಿನ ಮೇಲೆ ಇಡೀ ಚಿತ್ರ ನಿಂತಿದೆ. ನಾಗವಲ್ಲಿಯಾಗಿ ನಟಿಸಿದ ಸೌಂದರ್ಯ ನಮ್ಮ ಪಕ್ಕದ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರು. ಅವರು ತೀರಿಕೊಂಡಿದ್ದು ಆ ವರ್ಷದ ಏಪ್ರಿಲ್‌ನಲ್ಲಿ, ಚಿತ್ರ ಬಂದಿದ್ದು ಆಗಸ್ಟ್‌ನಲ್ಲಿ. ಆ ನೋವಿನಲ್ಲೇ ಜನ ಚಿತ್ರ ನೋಡಿದರು. ಇನ್ನೊಂದು ಮಾತು. 'ರಾ ರಾ' ಅಂತ ನಾಗವಲ್ಲಿ ತೆಲುಗಿನಲ್ಲಿ ಕರೆದಾಗ ಮೈಸೂರಿನವರಿಗೆ ಅದು ಬೇರೆ ಸೀಮೆಯ ಹೆಂಗಸಿನ ದನಿ. ನಮಗೆ ಅದು ಅಡುಗೆಮನೆಯಿಂದ ಅಜ್ಜಿ ಕರೆಯುವ ಭಾಷೆ. ನಮ್ಮ ಕಡೆಯವರಿಗೆ ಭಯ ಒಂದು ಕೈ ಜಾಸ್ತಿಯೇ ಆಗಿರಬೇಕು.

ಸರಿ, ಪಾಠ ಸಿಕ್ಕಿತು. ಆದರೆ ಮನೆ ಬೇರೆ. ಆ ಚಿತ್ರಗಳ ಮನೆಯಲ್ಲಿ ಉದ್ದನೆಯ ಓಣಿಗಳು, ಸುತ್ತು ಮೆಟ್ಟಿಲು, ಒಂದರ ಹಿಂದೆ ಒಂದು ಬಾಗಿಲು. ತಿರುವಿನ ಆಚೆ ಏನಿದೆಯೋ ಗೊತ್ತಾಗಲ್ಲ. ತೊಟ್ಟಿ ಮನೆಯಲ್ಲಿ ತಿರುವೇ ಇಲ್ಲ! ಒಂದು ಪಡಸಾಲೆಯಲ್ಲಿ ನಿಂತರೆ ಉಳಿದ ಮೂರೂ ಕಾಣುತ್ತವೆ. ನಡುವೆ ಆಕಾಶ. ಅವಿತುಕೊಳ್ಳೋಕೆ ಜಾಗವೇ ಇಲ್ಲದ ಮನೆಯಲ್ಲಿ ದೆವ್ವವನ್ನು ಎಲ್ಲಿ ಇಡೋದು?

ನಾವು ಅದನ್ನು ಎದುರು ಪಡಸಾಲೆಯಲ್ಲಿ ಇಟ್ಟೆವು. ಅಂದರೆ, ಇಟ್ಟೆವು ಅಂತ ನೋಡುವವರು ಅಂದುಕೊಳ್ಳುವ ಹಾಗೆ ಮಾಡಿದೆವು. ಕ್ಯಾಮೆರಾ ತೊಟ್ಟಿಯ ಈ ಕಡೆ, ಹುಡುಗಿ ಆ ಕಡೆ. ಅವಳು ಸಣ್ಣಗೆ ಕಾಣುತ್ತಾಳೆ. ಅವಳ ಹಿಂದೆ ಕಂಬಗಳ ಸಾಲು, ಅದರ ಹಿಂದೆ ಕತ್ತಲು. ಶಾಟ್ ಕತ್ತರಿಸದೆ ಬಿಟ್ಟರೆ ನೋಡುವವರ ಕಣ್ಣು ತಾನೇ ಒಂದೊಂದು ಕಂಬದ ಪಕ್ಕ ಹುಡುಕೋಕೆ ಶುರು ಮಾಡುತ್ತದೆ. ಅಲ್ಲಿ ನಾವು ಏನನ್ನೂ ನಿಲ್ಲಿಸಿರಲಿಲ್ಲ.

ಇದು ಕೆಲಸ ಮಾಡಬೇಕಾದರೆ ಹಗಲಿನಲ್ಲಿ ಆ ಪಡಸಾಲೆ ಪರಿಚಯ ಆಗಿರಬೇಕು. ಅದಕ್ಕೇ ಮೊದಲ ನಾಲ್ಕು ನಿಮಿಷ ಹುಡುಗಿ ಮನೆಗೆಲಸ ಮಾಡುತ್ತಾಳೆ ಅಷ್ಟೆ. ಅಗುಳಿ ತೆಗೆಯುತ್ತಾಳೆ, ತೊಟ್ಟಿ ಗುಡಿಸುತ್ತಾಳೆ, ಅಟ್ಟದ ಏಣಿ ಹತ್ತಿ ಹುಳು ಸಾಕುವ ತಟ್ಟೆಗಳನ್ನು ಮೇಲಿಡುತ್ತಾಳೆ, ಪ್ರತಿ ಕೋಣೆಗೂ ಒಂದು ಸಲ ಹೋಗಿ ಬರುತ್ತಾಳೆ. ಎಡಿಟಿಂಗ್ ಮಾಡಿದ ಗೆಳೆಯ ಅದನ್ನು ಒಂದು ನಿಮಿಷಕ್ಕೆ ಇಳಿಸೋಣ ಅಂದ. ಬೋರ್ ಹೊಡೆಯುತ್ತೆ ಅಂತ. ನಾನು ಬಿಡಲಿಲ್ಲ. ಜಗಳವೇ ಆಯಿತು. ನೀವೂ ಬಿಡಬೇಡಿ.

ಬೆಳಕಿನ ವಿಷಯ. ಬೆಳದಿಂಗಳು ಕಣ್ಣಿಗೆ ಸಾಕು, ಮೊಬೈಲಿಗೆ ಸಾಲದು. ಒಂದೇ ಎಲ್‌ಇಡಿ ಲೈಟನ್ನು ಮೇಲೆ ಮಾಡಿನ ಅಂಚಿಗೆ ಕಟ್ಟಿ, ಮುಂದೆ ಬಟರ್ ಪೇಪರ್ ಹಾಕಿ, ತೊಟ್ಟಿಯೊಳಕ್ಕೆ ಬಿಟ್ಟೆವು. ಬಯಲಲ್ಲಿ ಬೆಳಕು, ಸೂರಿನ ಕೆಳಗೆ ಕತ್ತಲು. ಬೇರೆ ಲೈಟ್ ಬೇಕಾಗಲಿಲ್ಲ. ಫೋನಿನ ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಲೇಬೇಕು. ಇಲ್ಲವಾದರೆ ಕತ್ತಲು ಕಂಡ ತಕ್ಷಣ ಫೋನು ತಾನಾಗೇ ಬೆಳಕು ಜಾಸ್ತಿ ಮಾಡಿ, ಚಿತ್ರವೆಲ್ಲಾ ಕಾಳು ಕಾಳಾಗುತ್ತದೆ. 1961ರ 'ದಿ ಇನ್ನೊಸೆಂಟ್ಸ್' ಚಿತ್ರಕ್ಕೆ ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಫಿಲ್ಟರಿನ ಅಂಚುಗಳಿಗೆ ಬಣ್ಣ ಬಳಿದು, ಅಗಲ ಪರದೆಯ ಎರಡೂ ತುದಿಯನ್ನು ಕಪ್ಪು ಮಾಡಿದ್ದರು. ನಾವು ಫ್ರೇಮಿನ ಎರಡು ಬದಿಗೂ ಕರೀ ಕಂಬಳಿ ನೇತು ಹಾಕಿದೆವು. ಚೆನ್ನಾಗೇ ಬಂತು.

ಹೊಗೆ ಮಾತ್ರ ಸಿಗಲಿಲ್ಲ. ದೆವ್ವದ ಮನೆ ಅಂದರೆ ಸ್ವಲ್ಪ ಮಂಜು ಬೇಕು ಅಂತ ಎಲ್ಲರಿಗೂ ಆಸೆ. ಸಾಂಬ್ರಾಣಿ ಹಾಕೋಣ ಅಂದಿದ್ದಕ್ಕೆ ಅಜ್ಜಿ ಪೊರಕೆ ಹಿಡಿದರು. ಹುಳ ಇರುವ ಮನೆಯಲ್ಲಿ ಹೊಗೆ ಆಗಲ್ಲ, ಬೀಡಿ ಸಿಗರೇಟ್ ಆಗಲ್ಲ, ಸೆಂಟು ಕೂಡ ಆಗಲ್ಲ. ಒಳಗೆ ಬರೋರು ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲು ತೊಳೆದೇ ಬರಬೇಕು. ನಟಿ, ಕ್ಯಾಮೆರಾಮನ್, ಯಾರೇ ಆದರೂ ಸರಿ. ಜೊತೆಗೆ ಶೂಟಿಂಗ್ ದಿನ ದೇವರ ಮುಂದೆ ದೀಪ ಹಚ್ಚಿಯೇ ಶುರು ಮಾಡಬೇಕು. "ಬಾಳಿ ಬದುಕಿದ ಮನೆ ಕಣಪ್ಪಾ. ಇಲ್ಲದ್ದನ್ನ ಕರೆದು ಕೂರಿಸಬ್ಯಾಡಿ" ಅಂದರು. ಎಲ್ಲದಕ್ಕೂ ಹೂಂ ಅಂದೆವು. ದೊಡ್ಡ ದೃಶ್ಯಗಳನ್ನು ಎರಡು ಬೆಳೆಗಳ ನಡುವೆ ಇಟ್ಟುಕೊಂಡೆವು. ಗೂಡು ಬಿಡಿಸಿ ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಚಾಕಿ, ಅಂದರೆ ಮರಿ ಹುಳು, ಬರುವ ಮುಂಚೆ, ಮನೆ ಖಾಲಿ ಇರುತ್ತದೆ.

ಶಬ್ದದ ಕೆಲಸ ಮಾತ್ರ ಹುಳ ಇರುವಾಗಲೇ ಆಗಬೇಕಿತ್ತು. ಯಾಕೆಂದರೆ ನಮ್ಮ ದೆವ್ವವೇ ಆ ಶಬ್ದ.

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತಾಗ ತಿನ್ನಲ್ಲ, ಅಲುಗಾಡಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಗೂಡು ಕಟ್ಟೋವರೆಗೆ ಸುಮಾರು ಒಂದು ವಾರ. ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ತಿನ್ನುತ್ತದೆ. ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಿ ಲೈಟ್ ಆರಿಸಿದರೆ, ಸಾವಿರಾರು ಬಾಯಿಗಳ ಸದ್ದು ಸೇರಿ ಹೆಂಚಿನ ಮೇಲೆ ಸೋನೆ ಮಳೆ ಬಿದ್ದ ಹಾಗೆ ಕೇಳುತ್ತದೆ.

ನಮ್ಮ ಕಥೆ ಇಷ್ಟು. ಸಾಲ ಆಗಿ ಹುಳು ಸಾಕೋದು ನಿಲ್ಲಿಸಿದ ಮನೆ. ಮನೆಯ ಹುಡುಗಿ ಒಂದು ರಾತ್ರಿ ಒಬ್ಬಳೇ ಅಲ್ಲಿ ಮಲಗಬೇಕಾಗುತ್ತದೆ. ತಟ್ಟೆಗಳು ಅಟ್ಟ ಸೇರಿವೆ. ನಡುರಾತ್ರಿ ಆ ಸದ್ದು ಶುರುವಾಗುತ್ತದೆ.

ರೆಕಾರ್ಡಿಂಗ್ ಸುಲಭ ಇರಲಿಲ್ಲ. ನಮ್ಮ ಕಡೆ ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ತೋಟದ ಮೋಟರುಗಳೆಲ್ಲಾ ಒಟ್ಟಿಗೆ ಎದ್ದುಕೊಳ್ಳುತ್ತವೆ. ಅದರ ಗುಂಯ್ ಸದ್ದು ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ತೆಗೆಯೋಕೆ ಹೋದರೆ ಹುಳದ ಸದ್ದೂ ಹೋಗುತ್ತದೆ. ಕರೆಂಟ್ ಹೋಗುವವರೆಗೆ ಕಾದು, ಬ್ಯಾಟರಿ ಮೇಲೆ ಮಾಡಿದೆವು. ರೆಕಾರ್ಡರನ್ನು ಹುಳದ ಸ್ಟ್ಯಾಂಡಿನ ಪಕ್ಕ ಒಂದು ಗೇಣು ದೂರದಲ್ಲಿಟ್ಟು, ಮಿಕ್ಕ ಮೂರು ಕಡೆ ಕಂಬಳಿ ಕಟ್ಟಿ, ನಾವೆಲ್ಲಾ ಹೊರಗೆ. ಆಮೇಲೆ ಅದೇ ಸದ್ದಿನ ಒಂದು ಪ್ರತಿಯನ್ನು ಅರ್ಧ ವೇಗಕ್ಕೆ ಇಳಿಸಿ ಅಡಿಯಲ್ಲಿ ಸೇರಿಸಿದೆವು. ಆಗ ತಿನ್ನುತ್ತಿರುವುದು ಹುಳಕ್ಕಿಂತ ದೊಡ್ಡದು ಅನ್ನಿಸುತ್ತದೆ. ಬಾಗಿಲ ಕಿರ್ರ್ ಸದ್ದಂತೂ ಪುಕ್ಕಟೆ. ಆ ಕಾಲದ ಬಾಗಿಲಿಗೆ ಕಬ್ಬಿಣದ ಕೀಲೇ ಇಲ್ಲ, ಮರದ ಗೂಟ ಕಲ್ಲಿನ ಕುಳಿಯಲ್ಲಿ ತಿರುಗುತ್ತದೆ.

ಶಬ್ದಕ್ಕೆ ನಮಗೆ ಗುರು 1963ರ 'ದಿ ಹಾಂಟಿಂಗ್'. ನಿರ್ದೇಶಕ ರಾಬರ್ಟ್ ವೈಸ್. ಎರಡು ವರ್ಷ ಬಿಟ್ಟು 'ದಿ ಸೌಂಡ್ ಆಫ್ ಮ್ಯೂಸಿಕ್' ಮಾಡಿದ್ದೂ ಇವರೇ ಅಂದರೆ ನಂಬೋದು ಕಷ್ಟ. ಇದರಲ್ಲಿ ದೆವ್ವ ಒಂದು ಸಲವೂ ಕಾಣಿಸಲ್ಲ. ಗೋಡೆಯಾಚೆ ಧಡ್ ಧಡ್ ಅಂತ ಬಡಿತ. ಗಟ್ಟಿ ಮರದ ಬಾಗಿಲು ಒಳಕ್ಕೆ ಉಬ್ಬುತ್ತದೆ, ಮತ್ತೆ ಇಳಿಯುತ್ತದೆ. ತೆಳು ಪದರಗಳನ್ನು ಅಂಟಿಸಿದ ಹಲಗೆಯಲ್ಲಿ ಬಾಗಿಲು ಮಾಡಿಸಿ, ಹಿಂದಿನಿಂದ ಒಬ್ಬ ಆಳು ಮರದ ತುಂಡಿನಿಂದ ತಳ್ಳಿದ್ದು ಅಷ್ಟೆ. ಅದಕ್ಕಿಂತ ನಮಗೆ ಉಪಯೋಗಕ್ಕೆ ಬಂದಿದ್ದು ಇನ್ನೊಂದು ವಿಷಯ. ವೈಸ್ ಆ ಸದ್ದುಗಳನ್ನು ಮೊದಲೇ ರೆಕಾರ್ಡ್ ಮಾಡಿಸಿ, ನಟಿಸುವಾಗ ಸೆಟ್ಟಿನಲ್ಲೇ ಹಾಕುತ್ತಿದ್ದರು. ನಾವೂ ಅಟ್ಟದಲ್ಲಿ ಒಂದು ಬ್ಲೂಟೂತ್ ಸ್ಪೀಕರ್ ಬಚ್ಚಿಟ್ಟೆವು. ಯಾವಾಗ ಶುರು ಮಾಡುತ್ತೇವೆ ಅಂತ ತಂಗಿಗೆ ಹೇಳಲಿಲ್ಲ. ಅವಳು ತಲೆ ಎತ್ತಿ ಮೇಲೆ ನೋಡುವ ಶಾಟ್ ನಟನೆ ಅಲ್ಲವೇ ಅಲ್ಲ.

ನಮ್ಮ ದೇಶದಲ್ಲೂ ಇಂಥ ಕಿವಿ ಇತ್ತು. 1949ರ 'ಮಹಲ್' ಚಿತ್ರದ 'ಆಯೇಗಾ ಆನೇವಾಲಾ' ಹಾಡು ದೂರದಿಂದ ಹತ್ತಿರ ಬರುವ ಹಾಗೆ ಕೇಳಬೇಕಿತ್ತು. ಆಗ ಇವತ್ತಿನ ಸೌಲಭ್ಯ ಎಲ್ಲಿ? ಲತಾ ಮಂಗೇಶ್ಕರ್ ಕೋಣೆಯ ಮೂಲೆಯಿಂದ ಹಾಡುತ್ತಾ ಮೈಕಿನ ಕಡೆ ನಡೆದು ಬಂದರು. ನಮ್ಮ ಚಿತ್ರದಲ್ಲಿ ಹುಡುಗಿಯನ್ನು ಅಮ್ಮ ಕರೆಯುವ ಒಂದು ದನಿ ಇದೆ. ಚಿಕ್ಕಮ್ಮ ಹಿತ್ತಿಲಿಂದ ಕರೆಯುತ್ತಾ ಪಡಸಾಲೆವರೆಗೆ ನಡೆದು ಬಂದರು, ಒಂದೇ ಮೈಕಿನಲ್ಲಿ ಹಿಡಿದೆವು. ಕಂಪ್ಯೂಟರಿನಲ್ಲಿ ವಾಲ್ಯೂಮ್ ಏರಿಸಿದರೆ ಆ ಗುಣ ಬರಲ್ಲ.

ಕೊನೆಯ ದೃಶ್ಯಕ್ಕೆ ಸದ್ದು ಏರುತ್ತಾ ಏರುತ್ತಾ ಕಿವಿ ತುಂಬಬೇಕು ಅಂತ ಬರೆದುಕೊಂಡಿದ್ದೆ. ಎಡಿಟ್ ಮಾಡುವಾಗ ಅಜ್ಜಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಭಯ ಆಯ್ತಾ ಅಜ್ಜಿ ಅಂದೆ. ನಕ್ಕರು.

"ಇದಕ್ಕೇನೋ ಭಯ? ಈ ಸದ್ದು ಇದ್ರೇ ನಂಗೆ ನಿದ್ದೆ. ಸದ್ದು ನಿಂತೋದ್ರೆ ಎಚ್ಚರ ಆಗ್ತದೆ."

ಸದ್ದು ನಿಂತರೆ ಸೊಪ್ಪು ಮುಗಿದಿದೆ ಅಂತ. ಎದ್ದು ಹಾಕಬೇಕು. ಇಲ್ಲವೇ ಸಪ್ಪೆ ರೋಗ ಬಿದ್ದಿದೆ ಅಂತ. ಹಾಗಾದರೆ ಇಡೀ ಬೆಳೆ ಹೋಯಿತು. ಸಾಲ ತಂದು ಹುಳು ಸಾಕಿದವರಿಗೆ ಅದಕ್ಕಿಂತ ದೊಡ್ಡ ದೆವ್ವ ಯಾವುದು ಹೇಳಿ?

ಕೊನೆಯನ್ನು ಪೂರ್ತಿ ತಿರುಗಿಸಿದೆ. ಸದ್ದು ಮೊದಲಿಂದ ಒಂದೇ ಸಮ, ಸಣ್ಣಗೆ. ಹುಡುಗಿ ಅದಕ್ಕೆ ಒಗ್ಗಿಕೊಳ್ಳುತ್ತಾಳೆ, ಮಗ್ಗುಲು ಬದಲಿಸಿ ಕಣ್ಣು ಮುಚ್ಚುತ್ತಾಳೆ. ಆಗ ನಿಲ್ಲುತ್ತದೆ. ಎಂಟು ಸೆಕೆಂಡ್ ಏನೂ ಇಲ್ಲ. ಎದುರು ಪಡಸಾಲೆಯ ಶಾಟ್. ಮುಗಿಯಿತು.

ಸಿನಿಮಾ ತೋರಿಸಿದ್ದೂ ಅದೇ ತೊಟ್ಟಿಯಲ್ಲಿ. ಎರಡು ಕಂಬಕ್ಕೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ಇಟ್ಟೆವು. 1959ರಲ್ಲಿ ವಿಲಿಯಂ ಕ್ಯಾಸಲ್ ತಮ್ಮ 'ಹೌಸ್ ಆನ್ ಹಾಂಟೆಡ್ ಹಿಲ್' ಚಿತ್ರ ನಡೆಯುವಾಗ ಜನರ ತಲೆ ಮೇಲೆ ತಂತಿಯಲ್ಲಿ ಒಂದು ಅಸ್ಥಿಪಂಜರ ಹಾರಿಸುತ್ತಿದ್ದರು. ನಮ್ಮ ಗೆಳೆಯನಿಗೂ ಅಟ್ಟದಿಂದ ಏನಾದರೂ ಬೀಳಿಸುವ ಹುಚ್ಚು. ಮುಂದಿನ ಸಾಲಲ್ಲಿ ಬಿಪಿ ಮಾತ್ರೆ ನುಂಗುವ ನಾಲ್ಕು ಜನ ಕೂತಿದ್ದರು. ಬೇಡ ಅಂದೆ.

ಮೊದಲ ನಾಲ್ಕು ನಿಮಿಷ ಮಕ್ಕಳು ಗಲಾಟೆಯೋ ಗಲಾಟೆ. ಏಯ್ ಅದು ಅಟ್ಟದ ಏಣಿ, ಏಯ್ ಅದು ಬಚ್ಚಲು. ಸದ್ದು ಶುರುವಾದಾಗ ಬೆಂಗಳೂರಿಂದ ಬಂದಿದ್ದ ನೆಂಟರ ಹುಡುಗರು ಹತ್ತಿರ ಸರಿದು ಕೂತರು. ಊರಿನ ಹೆಂಗಸರು ಆರಾಮಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಆದರೆ ಅದು ನಿಂತ ಕ್ಷಣ ಅವರಲ್ಲಿ ಮೂರ್ನಾಲ್ಕು ಜನ ಪರದೆ ಬಿಟ್ಟು ಪಕ್ಕದ ಪಡಸಾಲೆ ಕಡೆ ತಿರುಗಿದರು. ನಿಜವಾದ ಹುಳ ಅವತ್ತು ಅಲ್ಲಿ ಇತ್ತು. ಜ್ವರಕ್ಕೆ ಕೂತಿತ್ತು.

ಶಿಡ್ಲಘಟ್ಟದಿಂದ ನಮ್ಮ ಗೂಡು ಕೊಂಡು ನೂಲು ತೆಗೆಯುವ ರೀಲರ್ ಭಾಯ್ ಕೂಡ ಬಂದಿದ್ದರು. ಮುಗಿದ ಮೇಲೆ ಪಕ್ಕಕ್ಕೆ ಕರೆದು, "ಹುಳದ ಸಮೇತ ಗೂಡು ಬೇಯಿಸೋದು ನಾವು. ಇದು ನಮ್ಮ ಮೇಲೆ ಮಾಡಿದ್ದಾ?" ಅಂದರು. ಇಲ್ಲ ಭಾಯ್, ಅದು ತಲೆಗೇ ಬಂದಿರಲಿಲ್ಲ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅವರೇ ಅಂದರು, "ಹಂಗಾದ್ರೆ ಮುಂದಿಂದು ನಮ್ಮ ನೂಲು ತೆಗೆಯೋ ಫಿಲೇಚರ್‌ನಲ್ಲಿ ಮಾಡಿ. ಬೆಳಗಿನ ಜಾವ ಬನ್ನಿ. ನಿಮಗೆ ಬೇಕಾದಷ್ಟು ಹಬೆ ಇರುತ್ತೆ, ಹೊಗೆ ಮಿಷನ್ ಬಾಡಿಗೆ ಉಳೀತು."

ಕಥೆ ಬರೆಯುತ್ತಿದ್ದೇವೆ.