ಒಂದೇ ದ್ರಾಕ್ಷಿ, ನಾಲ್ಕು ನೆಲ: ರೀಸ್ಲಿಂಗ್ ವೈನ್‌ಗಳನ್ನು ಹೋಲಿಸಿ ಸವಿಯುವುದು ಹೇಗೆ?

ರೀಸ್ಲಿಂಗ್ ಎಂದರೆ ಸಿಹಿ ವೈನ್ ಎಂಬ ನಂಬಿಕೆ ಬಹಳ ಜನರಲ್ಲಿದೆ. ವಾಸ್ತವದಲ್ಲಿ ಈ ಒಂದೇ ದ್ರಾಕ್ಷಿಯಿಂದ, ಸಿಹಿಯ ಸುಳಿವೂ ಇಲ್ಲದ ವೈನ್‌ನಿಂದ ಹಿಡಿದು ಜೇನಿನಷ್ಟು ಸಾಂದ್ರವಾದ ವೈನ್‌ವರೆಗೆ ಎಲ್ಲವನ್ನೂ ತಯಾರಿಸುತ್ತಾರೆ. ಜರ್ಮನಿಯ ರ್ಯುಸೆಲ್ಸ್‌ಹೈಮ್‌ನಲ್ಲಿ 1435ರಷ್ಟು ಹಿಂದೆಯೇ ಈ ಬಳ್ಳಿಯ ಖರೀದಿ ಲೆಕ್ಕಪತ್ರದಲ್ಲಿ ದಾಖಲಾಗಿದೆ. ರೀಸ್ಲಿಂಗನ್ನು ಸಾಮಾನ್ಯವಾಗಿ ಹೊಸ ಓಕ್ ಪೀಪಾಯಿಗಳಲ್ಲಿ ಇಡುವುದಿಲ್ಲ. ಹುಳಿಯನ್ನು ಮೆದುಗೊಳಿಸುವ ಎರಡನೆಯ ಹುದುಗುವಿಕೆಗೂ ಹೆಚ್ಚಿನವರು ಅವಕಾಶ ಕೊಡುವುದಿಲ್ಲ. ಹೀಗಾಗಿ ಮರದ ವಾಸನೆ ಅಡ್ಡಬಾರದೆ, ಬೆಳೆದ ಊರಿನ ಬಿಸಿಲು ಮತ್ತು ಚಳಿಯ ಗುರುತು ಲೋಟದಲ್ಲಿ ನೇರವಾಗಿ ಸಿಗುತ್ತದೆ. ಪ್ರದೇಶಗಳನ್ನು ಹೋಲಿಸಿ ಕಲಿಯಲು ಇದಕ್ಕಿಂತ ಒಳ್ಳೆಯ ದ್ರಾಕ್ಷಿ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಮೊದಲ ಕೆಲಸ ಬಾಟಲಿಗಳ ಆಯ್ಕೆ. ಜರ್ಮನಿಯ ಮೋಸೆಲ್, ಫ್ರಾನ್ಸಿನ ಅಲ್ಸಾಸ್, ಆಸ್ಟ್ರಿಯಾದ ವಾಖಾವ್, ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿ ಈ ನಾಲ್ಕು ಸಾಕು. ನಾಲ್ಕೂ ಸಿಹಿಯಿಲ್ಲದವಾಗಿರಬೇಕು, ಒಂದೇ ವರ್ಷದ ಸುಗ್ಗಿಯವಾಗಿರಬೇಕು, ಬೆಲೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು; ಇಲ್ಲದಿದ್ದರೆ ಕಂಡ ವ್ಯತ್ಯಾಸ ನೆಲದ್ದೋ ಸಕ್ಕರೆಯದೋ ವಯಸ್ಸಿನದೋ ಎಂದು ಹೇಳಲಾಗುವುದಿಲ್ಲ. ಆಸ್ಟ್ರೇಲಿಯಾದ ಕೊಯ್ಲು ಯುರೋಪಿನ ಕೊಯ್ಲಿಗಿಂತ ಸುಮಾರು ಆರು ತಿಂಗಳು ಮೊದಲೇ ಮುಗಿಯುವುದರಿಂದ, ಅಲ್ಲಿನ ಬಾಟಲಿ ಅಷ್ಟರಮಟ್ಟಿಗೆ ಹಿರಿಯದೆಂಬುದು ನೆನಪಿರಲಿ. ಇವುಗಳ ಜೊತೆಗೆ, ಉದ್ದೇಶಪೂರ್ವಕವಾಗಿ ಸಿಹಿ ಉಳಿಸಿದ ಮೋಸೆಲ್‌ನ 'ಕಾಬಿನೆಟ್' ಎಂಬ ಹಗುರ ದರ್ಜೆಯ ವೈನ್ ಒಂದನ್ನು ಕೊನೆಗೆಂದು ತೆಗೆದಿಟ್ಟುಕೊಳ್ಳಿ.

ಲೇಬಲ್ ಓದುವುದು ಕಷ್ಟವೇನಲ್ಲ. ಜರ್ಮನ್ ಬಾಟಲಿಯ ಮೇಲೆ 'ಟ್ರೋಕನ್' ಎಂದಿದ್ದರೆ ಲೀಟರಿಗೆ 9 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುವುದಿಲ್ಲ. ಅಲ್ಸಾಸ್‌ನಲ್ಲಿ 2021ರ ಸುಗ್ಗಿಯಿಂದ ಸಿಹಿಯ ಮಟ್ಟವನ್ನು ನಮೂದಿಸುವುದು ಕಡ್ಡಾಯವಾಗಿದ್ದು, ಅಲ್ಲಿ 'ಸೆಕ್' ಎಂಬುದನ್ನು ಹುಡುಕಬೇಕು. ವಾಖಾವ್‌ನಲ್ಲಿ 'ಫೆಡರ್‌ಶ್ಪೀಲ್' ಎಂದರೆ 11.5ರಿಂದ 12.5 ಶೇಕಡಾ ಆಲ್ಕೋಹಾಲಿನ ಮಧ್ಯಮ ದರ್ಜೆ. ಅದಕ್ಕಿಂತ ಭಾರವಾದ 'ಸ್ಮರಾಗ್ಡ್' ಈ ಹೋಲಿಕೆಗೆ ಬೇಡ. ಏನೂ ಅರ್ಥವಾಗದಿದ್ದರೆ ಆಲ್ಕೋಹಾಲಿನ ಪ್ರಮಾಣವನ್ನು ನೋಡಿ: ಯೀಸ್ಟ್ ಸಕ್ಕರೆಯನ್ನೇ ಆಲ್ಕೋಹಾಲಾಗಿ ಮಾರ್ಪಡಿಸುವುದರಿಂದ, ರೀಸ್ಲಿಂಗ್‌ನಲ್ಲಿ 8 ಶೇಕಡಾ ಎಂದಿದ್ದರೆ ಸಾಕಷ್ಟು ಸಕ್ಕರೆ ಉಳಿದಿದೆ ಎಂದೂ 12 ಎಂದಿದ್ದರೆ ಬಹುತೇಕ ಕರಗಿಹೋಗಿದೆ ಎಂದೂ ಊಹಿಸಬಹುದು.

ಸವಿಯುವ ಕೋಣೆಯಲ್ಲಿ ಊದುಬತ್ತಿ, ಒಗ್ಗರಣೆ, ಅತ್ತರು, ಮಲ್ಲಿಗೆ ಇವು ಯಾವುವೂ ಇರಬಾರದು. ಬಾಟಲಿಗಳನ್ನು ಫ್ರಿಜ್‌ನಿಂದ ಕಾಲು ಗಂಟೆ ಮೊದಲೇ ಹೊರಗಿಟ್ಟು, 8ರಿಂದ 10 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಬಡಿಸಿ. ಒಂದೇ ಆಕಾರದ ಲೋಟಗಳಿಗೆ ತಲಾ 50 ಮಿಲಿಲೀಟರಿನಷ್ಟು ಸುರಿದರೆ ಸಾಕು. ಬಾಟಲಿಗಳಿಗೆ ಕಾಗದ ಸುತ್ತಿ ಅಂಕಿ ಬರೆದು, ಸುರಿಯುವ ಕೆಲಸವನ್ನು ಸವಿಯದ ಒಬ್ಬರಿಗೆ ವಹಿಸಿ. ಉಗುಳಲು ಪ್ರತಿಯೊಬ್ಬರಿಗೂ ಒಂದು ಲೋಟ ಬೇಕು. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ, ನುಂಗುತ್ತ ಹೋದರೆ ಮೂರನೆಯ ಲೋಟದ ಹೊತ್ತಿಗೆ ತೀರ್ಪು ಮಂಕಾಗುತ್ತದೆ. ನಡುವೆ ನೀರು ಮತ್ತು ಸಾದಾ ಬ್ರೆಡ್ ಇರಲಿ, ಖಾರದ ಕುರುಕಲು ಬೇಡ.

ಈಗ ಮೂಸುವ ಹಂತ. ಲೋಟವನ್ನು ಅಲ್ಲಾಡಿಸದೆ ಒಮ್ಮೆ, ಮೆಲ್ಲಗೆ ತಿರುಗಿಸಿ ಇನ್ನೊಮ್ಮೆ ಮೂಸಿ. ಮೋಸೆಲ್‌ನಲ್ಲಿ ಹಸಿರು ಸೇಬಿನ ವಾಸನೆಯ ಹಿಂದೆ, ಒದ್ದೆ ಬಟ್ಟೆಯಿಂದ ಆಗಷ್ಟೇ ಒರೆಸಿದ ಶಾಲೆಯ ಸ್ಲೇಟಿನಂಥ ವಾಸನೆಯೊಂದು ಸಿಗುತ್ತದೆ. ಅಲ್ಲಿನ ಕಡಿದಾದ ಇಳಿಜಾರುಗಳ ತುಂಬ ಸ್ಲೇಟ್ ಕಲ್ಲೇ ಇದೆ, ನಿಜ. ಆದರೆ ಕಲ್ಲಿನ ರುಚಿ ಬೇರಿನ ಮೂಲಕ ಹಣ್ಣಿಗೆ ಏರುತ್ತದೆಂಬುದಕ್ಕೆ ಆಧಾರವಿಲ್ಲ. ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುವುದು ಆ ಕಪ್ಪು ಕಲ್ಲಿನ ಖಚಿತವಾದ ಉಪಕಾರ. ಅಷ್ಟು ಉತ್ತರದ ಚಳಿಯಲ್ಲೂ ದ್ರಾಕ್ಷಿ ಮಾಗಲು ಅದು ನೆರವಾಗುತ್ತದೆ. ಅಲ್ಸಾಸ್ ವೋಜ್ ಪರ್ವತಗಳ ಮಳೆನೆರಳಿನಲ್ಲಿದ್ದು ಬಿಸಿಲು ಹೆಚ್ಚಿರುವುದರಿಂದ ಅಲ್ಲಿನ ವೈನ್ ತುಸು ಮೈತುಂಬಿಕೊಂಡಿರುತ್ತದೆ. ವಾಖಾವ್‌ನಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಬೆಚ್ಚನೆಯ ಹಗಲು, ತಣ್ಣನೆಯ ರಾತ್ರಿಗಳ ನಡುವೆ ಏಪ್ರಿಕಾಟ್ ಮತ್ತು ಪೀಚ್ ಹಣ್ಣಿನ ಘಮ ಕಟ್ಟಿಕೊಳ್ಳುತ್ತದೆ.

ಕ್ಲೇರ್ ವ್ಯಾಲಿಯ ಲೋಟದಲ್ಲಿ ನಿಂಬೆಯ ಘಮ ಮುಂದಿರುತ್ತದೆ, ಅದರ ಜೊತೆಗೆ ಸೀಮೆಎಣ್ಣೆಯ ಛಾಯೆಯೂ ಇರಬಹುದು. ಇದನ್ನು ಕಂಡು ವೈನ್ ಕೆಟ್ಟಿದೆ ಎಂದುಕೊಳ್ಳಬಾರದು. ಬಿಸಿಲಿಗೆ ಒಡ್ಡಿಕೊಂಡ ದ್ರಾಕ್ಷಿಯಲ್ಲಿನ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳು ಒಡೆದು, ಮುಂದೆ ಬಾಟಲಿಯಲ್ಲಿ ವಯಸ್ಸಾದಂತೆ ಟಿಡಿಎನ್ ಎಂಬ ಸಂಯುಕ್ತವಾಗುತ್ತವೆ, ವಾಸನೆ ಅದರದೇ. ಎಳೆಯ ವೈನ್‌ನಲ್ಲಿ ಅದು ಹಣ್ಣಿನ ಘಮವನ್ನು ಮುಚ್ಚಿಹಾಕಿದರೆ ಮಾತ್ರ ದೋಷವೆಂದು ನಾನು ಎಣಿಸುತ್ತೇನೆ. ಎಂಟು ಹತ್ತು ವರ್ಷ ಹಳೆಯ ಬಾಟಲಿಯಲ್ಲಿ ಅದು ಇದ್ದರೇ ಸೊಗಸು. ಕ್ಲೇರ್‌ನ ಹಲವು ತಯಾರಕರು 2000ದ ಸುಗ್ಗಿಯಿಂದ ಒಟ್ಟಾಗಿ ಕಾರ್ಕ್ ಬಿಟ್ಟು ತಿರುಪು ಮುಚ್ಚಳಕ್ಕೆ ಬದಲಾದ್ದರಿಂದ, ಹಳೆಯ ಬಾಟಲಿ ಸಿಕ್ಕರೆ ಕಾರ್ಕಿನ ದೋಷವಿರಬಹುದೆಂಬ ಚಿಂತೆಯಿಲ್ಲದೆ ಕೊಳ್ಳಬಹುದು.

ರುಚಿ ನೋಡುವಾಗ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಸಿಹಿ ಮತ್ತು ಹುಳಿಯ ಲೆಕ್ಕಾಚಾರ. ಇವೆರಡೂ ಒಂದನ್ನೊಂದು ಮರೆಮಾಚುತ್ತವೆ. ನಾಲಿಗೆಯನ್ನು ಸಿದ್ಧಪಡಿಸಿಕೊಳ್ಳಲು ಎರಡು ಲೋಟ ನೀರಿಗೆ ಸಮನಾಗಿ ಸಕ್ಕರೆ ಬೆರೆಸಿ, ಒಂದಕ್ಕೆ ನಾಲ್ಕು ಹನಿ ನಿಂಬೆರಸವನ್ನೂ ಇನ್ನೊಂದಕ್ಕೆ ಒಂದು ಚಮಚವನ್ನೂ ಹಾಕಿ ಕುಡಿದು ನೋಡಿ. ಸಕ್ಕರೆ ಒಂದೇ ಆಗಿದ್ದರೂ ಎರಡನೆಯದು ಕಡಿಮೆ ಸಿಹಿಯೆನಿಸುತ್ತದೆ. ಅದಾದ ಮೇಲೆ ವೈನ್‌ನ ಗುಟುಕೊಂದನ್ನು ಮೂಗು ಹಿಡಿದುಕೊಂಡು ಬಾಯಲ್ಲಿ ಆಡಿಸಿ. ಹಣ್ಣಿನ ಘಮ ಸಿಹಿಯ ಭ್ರಮೆ ಹುಟ್ಟಿಸುತ್ತದೆ; ಮೂಗು ಮುಚ್ಚಿದಾಗಲೂ ಉಳಿಯುವ ಸಿಹಿ ಮಾತ್ರ ನಿಜವಾದ ಸಕ್ಕರೆ. ಹುಳಿಯನ್ನು ಅಳೆಯಲು, ಉಗುಳಿದ ಮೇಲೆ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಬಾಯಲ್ಲಿ ಎಷ್ಟು ಬೇಗ, ಎಷ್ಟು ಹೊತ್ತು ನೀರೂರುತ್ತದೆ ಎಂದು ನೋಡಿ. ಬಿಸಿಲಿನ ನಾಡಿನದಾದರೂ ಕ್ಲೇರ್‌ನ ವೈನ್ ಇಲ್ಲಿ ಹಲವರನ್ನು ಅಚ್ಚರಿಗೊಳಿಸುತ್ತದೆ: ಎತ್ತರದ ನೆಲ, ತಂಪು ರಾತ್ರಿಗಳಿಂದಾಗಿ ಹುಳಿ ಉಳಿದುಕೊಂಡಿರುವುದಲ್ಲದೆ, ಅದನ್ನು ಮೆದುಗೊಳಿಸುವ ಸಕ್ಕರೆಯೂ ಇರದ ಕಾರಣ ನಾಲಿಗೆಗೆ ನೆಟ್ಟಗೆ ನಾಟುತ್ತದೆ.

ಪ್ರತಿ ಲೋಟದ ಬಗ್ಗೆಯೂ ಘಮ, ಹುಳಿ, ಮೈತೂಕ (ಬಾಯಲ್ಲಿ ಎಷ್ಟು ಭಾರವೆನಿಸುತ್ತದೆ ಎಂಬುದು), ರುಚಿ ಉಳಿಯುವ ಹೊತ್ತು ಇಷ್ಟನ್ನು ಬರೆದುಕೊಂಡು, ಇಪ್ಪತ್ತು ನಿಮಿಷ ಬಿಟ್ಟು ಅದೇ ಲೋಟಗಳನ್ನು ಮತ್ತೆ ಸವಿಯಿರಿ. ಬಿಸಿಯೇರಿದಂತೆ ಅಲ್ಸಾಸ್ ಮತ್ತು ವಾಖಾವ್ ಅರಳುವುದು ಸಾಮಾನ್ಯ. ಊಹೆಯನ್ನು ಬರೆದ ಮೇಲಷ್ಟೇ ಕಾಗದ ಬಿಚ್ಚಬೇಕು.

ಕಾಬಿನೆಟ್‌ಗೆ ಈಗ ಸರದಿ. ಅದನ್ನು ಮೋಸೆಲ್‌ನ ಟ್ರೋಕನ್ ಪಕ್ಕದಲ್ಲೇ ಇಟ್ಟು ನೋಡಿದರೆ, ಒಂದೇ ಕಣಿವೆಯ ಹುಳಿ ಸಕ್ಕರೆಯ ಜೊತೆಗೂಡಿದಾಗ ಹೇಗೆ ಹಗುರಾಗಿ ಹರಿಯುತ್ತದೆಂಬುದು ಸ್ಪಷ್ಟವಾಗುತ್ತದೆ. ಆಲ್ಕೋಹಾಲ್ ಕಡಿಮೆಯಿದ್ದು ಸಿಹಿಯಿರುವ ಇದು ಖಾರವನ್ನು ಕೆರಳಿಸುವುದಿಲ್ಲ. ರುಚಿ ನೋಡುವ ಕೆಲಸ ಮುಗಿದ ಮೇಲೆ ಕೋಳಿ ಘೀ ರೋಸ್ಟ್ ಜೊತೆ ಧಾರಾಳವಾಗಿ ಬಡಿಸಬಹುದು. ಉಳಿದ ವೈನ್‌ಗಳನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಚೆನ್ನಾಗಿಯೇ ಇರುತ್ತವೆ. ಮರುದಿನ ಸಂಜೆ ಮತ್ತೊಮ್ಮೆ ಸವಿದು, ಹಿಂದಿನ ದಿನ ಮುದುಡಿಕೊಂಡಿದ್ದದ್ದು ಯಾವುದು, ಈಗ ಸೋತಿರುವುದು ಯಾವುದು ಎಂಬುದನ್ನು ಅದೇ ಹಾಳೆಯಲ್ಲಿ ಬೇರೆ ಶಾಯಿಯಿಂದ ಬರೆದಿಡಿ.